ಮೂರ್ಛೆರೋಗಕ್ಕೆ ಕೊಬ್ಬಿನ ಊಟ, ಮೆದುಳಿಗೆ ಆಮ್ಲಜನಕ: ಯಾವುದು ಎಷ್ಟು ಮದ್ದು?

ಸುಳ್ಯದಿಂದ ಮಡಿಕೇರಿ ಕಡೆಗೆ ಹೊರಟರೆ ಸಂಪಾಜೆ ಘಾಟಿಗೆ ಮೊದಲು ಸಿಗುವ ಊರು ಅರಂತೋಡು. ಮಾಣಿ–ಮೈಸೂರು ಹೆದ್ದಾರಿಯ ಎರಡೂ ಬದಿಗೆ ಅಡಿಕೆ ತೋಟ, ಒಳದಾರಿ ಹಿಡಿದರೆ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನ, ಅದರಾಚೆಗೆ ಕಾಡು. ಹಳದಿ ಎಲೆ ರೋಗ ಬಂದು ಅರಂತೋಡು, ತೊಡಿಕಾನ, ಸಂಪಾಜೆ, ಮರ್ಕಂಜದ ತೋಟಗಳು ಸೊರಗಿದವು. ಅಡಿಕೆಯನ್ನೇ ನಂಬಿದ್ದ ಮನೆಗಳ ಆದಾಯವೂ ಅದರೊಂದಿಗೇ ಸೊರಗಿತು. ಇಂಥದ್ದೊಂದು ಮನೆಯಲ್ಲಿ ಮಾತ್ರೆಗೆ ಬಗ್ಗದ ಮೂರ್ಛೆಯ ಮಗುವೋ, ಕೈನಡುಕದ ಅಜ್ಜಿಯೋ, ಪಾರ್ಶ್ವವಾಯು ಬಡಿದ ಅಪ್ಪನೋ ಇದ್ದರೆ ಮೊಬೈಲಿನ ದಾರಿಯಲ್ಲಿ ಎರಡು ಮಾತು ತಪ್ಪದೆ ಬಂದು ತಲಪುತ್ತವೆ. ಒಂದು, ಅನ್ನ ಬಿಟ್ಟು ಕೊಬ್ಬು ತಿನ್ನಿಸಿ, ಮೆದುಳು ಸರಿಹೋಗುತ್ತದೆ ಎಂಬುದು. ಇನ್ನೊಂದು, ಒತ್ತಡದ ಕೋಣೆಯಲ್ಲಿ ಕೂರಿಸಿ ಆಮ್ಲಜನಕ ಕೊಡಿಸಿ, ಸತ್ತ ನರ ಜೀವ ಪಡೆಯುತ್ತದೆ ಎಂಬುದು. ಎರಡನ್ನೂ ಒಂದೇ ಉಸಿರಿನಲ್ಲಿ, ಒಂದೇ ಭರವಸೆಯಿಂದ ಹೇಳುತ್ತಾರೆ. ಆದರೆ ಎರಡರ ಹಿಂದಿರುವ ಪುರಾವೆಯ ತೂಕ ಒಂದೇ ಅಲ್ಲ. ತೋಟ ಮಾರಿಯಾದರೂ ಚಿಕಿತ್ಸೆ ಕೊಡಿಸಲು ಸಿದ್ಧವಿರುವ ಮನೆಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಮೊದಲು ರೋಗದ ಹರವನ್ನು ನೋಡೋಣ. ನಿಮ್ಹಾನ್ಸ್‌ನ ವೈದ್ಯರು ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ 1,02,557 ಜನರ ಮನೆಮನೆ ಸಮೀಕ್ಷೆ ನಡೆಸಿದ್ದರು. ಲಕ್ಷಕ್ಕೆ 3,126 ಮಂದಿಯಲ್ಲಿ ಒಂದಲ್ಲ ಒಂದು ನರರೋಗ ಕಂಡುಬಂತು. ಮೂರ್ಛೆರೋಗವೊಂದೇ ಲಕ್ಷಕ್ಕೆ 883. ಹಳ್ಳಿಯಲ್ಲಿ ನರರೋಗದ ಪ್ರಮಾಣ ಪೇಟೆಯ ಸುಮಾರು ಎರಡರಷ್ಟಿತ್ತು. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಮೂರ್ಛೆಯನ್ನು ಜಗತ್ತಿನ ವೈದ್ಯಲೋಕ ಹೆಚ್ಚಾಗಿ ಅರಿತದ್ದು ಮೈಸೂರು, ಮಂಡ್ಯ ಸೀಮೆಯ ರೋಗಿಗಳನ್ನು ನೋಡಿದ ನಮ್ಮ ನರವೈದ್ಯರ ಬರಹಗಳಿಂದಲೇ. ಅಂದರೆ ಇದು ದೂರದ ಕಾಯಿಲೆಯಲ್ಲ, ನಮ್ಮ ಬಚ್ಚಲುಮನೆಯಲ್ಲೂ ಇರುವಂಥದ್ದು.

ಪುತ್ತೂರು, ಸುಳ್ಯ, ಕಡಬದವರಿಗೆ ಇದಕ್ಕೊಂದು ಕಹಿಯಾದ ಅಧ್ಯಾಯವೂ ಸೇರಿಕೊಂಡಿದೆ. ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ 1980ರ ದಶಕದಿಂದ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಗಡಿಯಾಚೆ ಕಾಸರಗೋಡಿನ ಎಣ್ಮಕಜೆ, ಪಡ್ರೆಯಲ್ಲೂ ಅದೇ ಕಥೆ. ಮೆದುಳಿನಲ್ಲಿ ಉದ್ರೇಕವನ್ನು ತಡೆಯುವ ಗಾಬಾ ಎಂಬ ರಾಸಾಯನಿಕದ ಬಾಗಿಲನ್ನೇ ಈ ವಿಷ ಮುಚ್ಚುತ್ತದೆ. ತೀವ್ರ ವಿಷಪ್ರಾಶನದಲ್ಲಿ ಮೂರ್ಛೆ ಬರುವುದು ಅದರಿಂದಲೇ. 2011ರ ಮೇ 13ರಂದು ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಸರ್ಕಾರ ಬಾಧಿತರೆಂದು ಗುರುತಿಸಿದ ಮಕ್ಕಳಲ್ಲಿ ಮೂರ್ಛೆ, ಬುದ್ಧಿಮಾಂದ್ಯ, ಕೈಕಾಲು ಬಿಗಿತ ಇರುವವರಿಗಾಗಿ ಕೊಯಿಲ, ಕೊಕ್ಕಡದಲ್ಲಿ ಪಾಲನಾ ಕೇಂದ್ರಗಳು ಬಂದವು. ಆ ಮಕ್ಕಳ ತಾಯಂದಿರು ಯಾರು ಯಾವ ಮದ್ದು ಹೇಳಿದರೂ ಕಿವಿಗೊಡುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಮದ್ದು ಹೇಳುವವರ ಮೇಲೆ ಮಾತ್ರ ಹೊಣೆ ಹೆಚ್ಚು.

ಮೂರ್ಛೆರೋಗಿಗಳಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನರಿಗೆ ಸಾಮಾನ್ಯ ಮಾತ್ರೆಗಳೇ ಸಾಕು. ಚಾಮರಾಜನಗರದ ಯಳಂದೂರಿನಲ್ಲಿ ನರವೈದ್ಯ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ನಡೆಸಿದ ಕೆಲಸ ಇದಕ್ಕೆ ನಮ್ಮದೇ ಸಾಕ್ಷಿ. ಫೀನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಹಳೆಯ, ಅಗ್ಗದ ಮಾತ್ರೆಗಳನ್ನು ತಪ್ಪದೆ ಕೊಟ್ಟರೆ ಹಳ್ಳಿಯಲ್ಲಿದ್ದೇ ರೋಗವನ್ನು ಹತೋಟಿಗೆ ತರಬಹುದು ಎಂದು ಅವರು ತೋರಿಸಿದರು; 2001ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಫಿಟ್ಸ್ ಬಂದವನ ಕೈಗೆ ಕಬ್ಬಿಣ ಹಿಡಿಸುವ, ಮೂಗಿಗೆ ನೀರುಳ್ಳಿ ಒಡ್ಡುವ, ದೈವದ ಮುನಿಸು ಎಂದು ಮುಚ್ಚಿಡುವ ರೂಢಿ ಇನ್ನೂ ಅಳಿಯದ ಕಡೆ ಮಾತ್ರೆಯನ್ನೇ ಕಾಣದ ರೋಗಿಗಳಿದ್ದಾರೆ. ಅವರಿಗೆ ಬೇಕಾದದ್ದು ಕೊಬ್ಬಿನ ಊಟವಲ್ಲ, ಆಮ್ಲಜನಕವೂ ಅಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳು ತಪ್ಪದೆ ಸಿಗುವ ಮಾತ್ರೆ. ಸರಿಯಾಗಿ ಆರಿಸಿದ ಎರಡು ಔಷಧಿಗಳನ್ನು ಸರಿಯಾದ ಡೋಸಿನಲ್ಲಿ ಕೊಟ್ಟ ಮೇಲೂ ಮೂರ್ಛೆ ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಮೂರ್ಛೆರೋಗ ಎನ್ನುತ್ತಾರೆ. ಕೊಬ್ಬಿನ ಊಟದ ಮಾತು ಶುರುವಾಗುವುದು ಅಲ್ಲಿಂದ.

ಉಪವಾಸ ಮಾಡಿದರೆ ಮೂರ್ಛೆ ತಗ್ಗುತ್ತದೆ ಎಂಬುದು ಬಹಳ ಹಳೆಯ ಅನುಭವ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಒಂದು ಪ್ರಶ್ನೆ ಎತ್ತಿದ: ಮಗುವನ್ನು ಎಷ್ಟು ದಿನ ಉಪವಾಸ ಕೆಡವಲಾದೀತು? ಹೊಟ್ಟೆಗೆ ಹಾಕುತ್ತಲೇ ದೇಹ ಉಪವಾಸದಲ್ಲಿದ್ದಂತೆ ನಡೆದುಕೊಳ್ಳುವ ಹಾಗೆ ಮಾಡಬಹುದಲ್ಲ? ಅನ್ನ, ಸಕ್ಕರೆಯಂಥ ಪಿಷ್ಟವನ್ನು ಹೆಚ್ಚುಕಡಿಮೆ ಕಿತ್ತುಹಾಕಿ ಕೊಬ್ಬನ್ನೇ ಕೊಟ್ಟರೆ ಯಕೃತ್ತು ಅದನ್ನು ಕೀಟೋನ್‌ಗಳಾಗಿ ಒಡೆಯುತ್ತದೆ, ಮೆದುಳು ಗ್ಲೂಕೋಸಿನ ಬದಲು ಅದನ್ನು ಉರಿಸಿಕೊಂಡು ಕೆಲಸ ಮಾಡುತ್ತದೆ. 1938ರಲ್ಲಿ ಫೆನಿಟಾಯಿನ್ ಬಂದ ಮೇಲೆ ಈ ಕಷ್ಟದ ಊಟ ಯಾರಿಗೂ ಬೇಡವಾಯಿತು. 1994ರಲ್ಲಿ ಹಾಲಿವುಡ್ ನಿರ್ದೇಶಕ ಜಿಮ್ ಅಬ್ರಹಾಮ್ಸ್ ತನ್ನ ಮಗನ ಮೂರ್ಛೆ ಈ ಊಟದಿಂದ ನಿಂತದ್ದನ್ನು ಕಂಡು ಒಂದು ಪ್ರತಿಷ್ಠಾನ ಕಟ್ಟಿದ; ಮರೆತುಹೋದ ಚಿಕಿತ್ಸೆ ಮತ್ತೆ ಎದ್ದು ನಿಂತಿತು.

ಇದು ತಾಯ್ತಂದೆಯರ ನಂಬಿಕೆಯಾಗಿಯೇ ಉಳಿಯಲಿಲ್ಲ. 2008ರಲ್ಲಿ ಲಂಡನ್ನಿನಲ್ಲಿ, ಮಾತ್ರೆಗೆ ಬಗ್ಗದ 145 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. ಮೂರು ತಿಂಗಳಲ್ಲಿ ಕೊಬ್ಬಿನ ಊಟದ ಗುಂಪಿನ ನೂರಕ್ಕೆ 38 ಮಕ್ಕಳಲ್ಲಿ ಮೂರ್ಛೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಮೊದಲಿನ ಊಟದಲ್ಲೇ ಇದ್ದವರಲ್ಲಿ ನೂರಕ್ಕೆ ಆರು. ದೆಹಲಿಯ ಏಮ್ಸ್ ವೈದ್ಯರು ಇದನ್ನು ಭಾರತದ ಅಡುಗೆಗೆ ತಂದು ನೋಡಿದರು. ಅವರ 2020ರ ಅಧ್ಯಯನದಲ್ಲಿ 170 ಮಕ್ಕಳಿಗೆ ಮೂರು ಬಗೆಯ ಊಟ: ತೂಗಿ ಕೊಡುವ ಕಟ್ಟುನಿಟ್ಟಿನ ಕೀಟೋ, ತೂಕದ ರಗಳೆ ಕಡಿಮೆಯಿರುವ ಮಾರ್ಪಡಿಸಿದ ಅಟ್ಕಿನ್ಸ್, ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಧಾನ್ಯ-ಕಾಳುಗಳಿಗೆ ಸ್ವಲ್ಪ ಜಾಗವಿರುವ ಮೂರನೆಯದು. ಆರು ತಿಂಗಳಲ್ಲಿ ಮೂರ್ಛೆಯ ಇಳಿತ ಕ್ರಮವಾಗಿ ನೂರಕ್ಕೆ 66, 45, 54. ಕಟ್ಟುನಿಟ್ಟಿನ ಊಟವೇ ಮುಂದಿತ್ತು, ಆದರೆ ಮೂರನೆಯದರಲ್ಲಿ ತೊಂದರೆಗಳು ಕಡಿಮೆ. ಬಡವರ ಮನೆಗೆ ಒಗ್ಗುವ ಸಾಧ್ಯತೆ ನನಗೆ ಕಾಣುವುದು ಇದರಲ್ಲೇ. ಗ್ಲೂಕೋಸನ್ನು ಮೆದುಳಿಗೆ ಸಾಗಿಸುವ ಪ್ರೋಟೀನು ಹುಟ್ಟಿನಿಂದಲೇ ಕೊರತೆಯಾದ ಮಕ್ಕಳಿಗಂತೂ ಕೊಬ್ಬಿನ ಊಟ ಪರ್ಯಾಯವಲ್ಲ, ಅದೇ ಮೊದಲ ಮದ್ದು.

ಇನ್ನು ಇದು ಸುಳ್ಯ ಸೀಮೆಯ ಅಡುಗೆಮನೆಗೆ ಬಂದರೆ ಹೇಗಿರುತ್ತದೆ ಎಂದು ಲೆಕ್ಕ ಹಾಕಿ ನೋಡಬೇಕು. ಕಟ್ಟುನಿಟ್ಟಿನ ಊಟದಲ್ಲಿ ನಾಲ್ಕು ಗ್ರಾಂ ಕೊಬ್ಬಿಗೆ, ಪ್ರೋಟೀನು-ಪಿಷ್ಟ ಎರಡೂ ಸೇರಿ ಒಂದೇ ಗ್ರಾಂ. ದಿನಕ್ಕೆ 1,200 ಕ್ಯಾಲೊರಿ ಬೇಕಾದ ಮಗುವಿಗೆ 120 ಗ್ರಾಂ ಕೊಬ್ಬು. ಪ್ರೋಟೀನಿಗೆ 18 ಗ್ರಾಂ ಇಟ್ಟರೆ ಪಿಷ್ಟಕ್ಕೆ ಉಳಿಯುವುದು 12 ಗ್ರಾಂ. ಒಂದು ಹೊತ್ತಿಗೆ ಒಂದು ಮೊಟ್ಟೆ, 35 ಗ್ರಾಂ ತುಪ್ಪ ಅಥವಾ ಎಣ್ಣೆ, ಒಂದು ಹಿಡಿ ಸೌತೆಕಾಯಿ ಹೋಳು. ಅಷ್ಟೇ. ಕುಚ್ಚಲಕ್ಕಿ ಗಂಜಿ ಇಲ್ಲ, ನೀರುದೋಸೆ ಇಲ್ಲ, ಪತ್ರೊಡೆ ಇಲ್ಲ. ಆರೋಗ್ಯಕ್ಕೆ ಒಳ್ಳೆಯದೆಂದು ಯಾರೋ ಪ್ರೀತಿಯಿಂದ ಕೆತ್ತಿ ಕೊಟ್ಟ ಒಂದು ಬೊಂಡದ ನೀರಿಗೇ ಇಡೀ ದಿನದ ಪಿಷ್ಟದ ಪಾಲು ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ದೇವಸ್ಥಾನದ ಪಂಚಕಜ್ಜಾಯ, ಅಂಗನವಾಡಿಯ ಪುಟ್ಟ ಲಾಡು, ನೆರೆಮನೆಯವರ ಬಿಸ್ಕತ್ತು, ಮಳೆಗಾಲದ ಹಲಸಿನ ಎರಡು ಸೊಳೆ, ಇವೆಲ್ಲ ಮೂರ್ಛೆಯನ್ನು ಮರಳಿ ಕರೆಯಬಲ್ಲವು. ಇನ್ನೂ ಒಂದು ವಿಷಯ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ: ಮಕ್ಕಳ ಜ್ವರದ, ಕೆಮ್ಮಿನ, ಕೆಲವೊಮ್ಮೆ ಮೂರ್ಛೆಯ ಸಿರಪ್ಪಿನಲ್ಲೂ ಸಕ್ಕರೆಯಿರುತ್ತದೆ, ಸಾಧ್ಯವಿದ್ದಲ್ಲಿ ಅದನ್ನು ಮಾತ್ರೆಗೆ ಬದಲಿಸಿಕೊಳ್ಳಬೇಕು. ವಾಂತಿಯಾಗಿ ಆಸ್ಪತ್ರೆಗೆ ಒಯ್ದಾಗ, ಮಗು ಕೀಟೋ ಊಟದಲ್ಲಿದೆ ಎಂದು ಬಾಯಿಬಿಟ್ಟು ಹೇಳದಿದ್ದರೆ ಗ್ಲೂಕೋಸ್ ಡ್ರಿಪ್ ಏರಿಬಿಡುತ್ತದೆ.

ಹಾಗೆಂದು ಈ ಊಟ ನಮ್ಮಲ್ಲಿ ಅಸಾಧ್ಯವೇನಲ್ಲ. ತೆಂಗಿನಕಾಯಿ ಮನೆಯಂಗಳದಲ್ಲೇ ಇದೆ. ತಾಜಾ ತುರಿಯಲ್ಲಿ ನೂರು ಗ್ರಾಮಿಗೆ 33 ಗ್ರಾಮಿನಷ್ಟು ಕೊಬ್ಬು, ನಾರು ಕಳೆದರೆ ಪಿಷ್ಟ ಆರೇಳು ಗ್ರಾಂ. ಮೊಟ್ಟೆ, ಮೀನು, ಹರಿವೆ, ಬಸಳೆ, ಬೂದುಗುಂಬಳ, ಕಾಯಿಹಾಲು ಸೇರಿಸಿ ಒಬ್ಬ ಪರಿಣತ ಡಯಟೀಷಿಯನ್ ಕರಾವಳಿಯ ಬಾಯಿರುಚಿಗೆ ಒಗ್ಗುವ ಪಟ್ಟಿ ಮಾಡಬಲ್ಲರು. ಬೇಕಾದದ್ದು ಗ್ರಾಂ ಲೆಕ್ಕದ ಒಂದು ತಕ್ಕಡಿ, ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿ, ಕರೆದಾಗ ಸಿಗುವ ಡಯಟೀಷಿಯನ್. ಮೊದಲೆರಡು ಪೇಟೆಯ ಅಂಗಡಿಯಲ್ಲಿ ಸಿಗುತ್ತವೆ. ಮೂರನೆಯದಕ್ಕೆ ಅರಂತೋಡಿನವರು ಎಷ್ಟು ದೂರ ಹೋಗಬೇಕು? ಸುಳ್ಯದಲ್ಲಿ ಕೆವಿಜಿ ವೈದ್ಯಕೀಯ ಕಾಲೇಜಿದೆ, ಮಂಗಳೂರಿನಲ್ಲಿ ವೆನ್ಲಾಕ್ ಇದೆ, ಖಾಸಗಿ ವೈದ್ಯಕೀಯ ಕಾಲೇಜುಗಳು ಹಲವಿವೆ. ನಿಮ್ಹಾನ್ಸ್ ಮುನ್ನೂರು ಕಿಲೋಮೀಟರಿನಷ್ಟು ದೂರ. ಊಟದ ಪಟ್ಟಿಯಲ್ಲಿ ಹತ್ತು ಗ್ರಾಂ ಬದಲಿಸಲು ತಾಯಿಯೊಬ್ಬಳು ರಾತ್ರಿ ಬಸ್ಸು ಹತ್ತುವಂತಾಗಬಾರದು.

ತೆಂಗಿನೆಣ್ಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಗೊಂದಲ ಹೆಚ್ಚಿರುವುದು ಇಲ್ಲಿ. 1971ರಲ್ಲಿ ಅಮೆರಿಕದ ಪೀಟರ್ ಹಟೆನ್‌ಲಾಕರ್ ಬೇಗ ಕೀಟೋನ್ ಆಗುವ ಮಧ್ಯಮ ಸರಪಳಿಯ ಕೊಬ್ಬಿನ ಎಣ್ಣೆಯನ್ನು ಬಳಸಿ ಹೊಸ ಪಥ್ಯ ಕಟ್ಟಿದ. ಆ ಎಣ್ಣೆ ತೆಂಗಿನೆಣ್ಣೆಯಿಂದಲೇ ಬರುತ್ತದಾದರೂ ಅದು ಎಂಟು ಮತ್ತು ಹತ್ತು ಇಂಗಾಲದ ಆಮ್ಲಗಳನ್ನು ಬೇರ್ಪಡಿಸಿ ತೆಗೆದದ್ದು. ನಾವು ಗಾಣದಿಂದ ತರುವ ಎಣ್ಣೆಯಲ್ಲಿ ಸುಮಾರು ಅರ್ಧಪಾಲು ಇರುವುದು ಹನ್ನೆರಡು ಇಂಗಾಲದ ಲಾರಿಕ್ ಆಮ್ಲ. ಅದು ಅಷ್ಟು ಸುಲಭವಾಗಿ ಕೀಟೋನ್ ಆಗುವುದಿಲ್ಲ. ಬೆಳಿಗ್ಗೆ ಎರಡು ಚಮಚ ತೆಂಗಿನೆಣ್ಣೆ ಕುಡಿದರೆ ಮರೆವಿನ ಕಾಯಿಲೆ ವಾಸಿಯಾಗುತ್ತದೆ ಎಂಬ ಮಾತಿಗೆ ಗಟ್ಟಿ ಪುರಾವೆಯಿಲ್ಲ. ಹಾಗೆಯೇ ಆಯುರ್ವೇದವೂ ಅಪಸ್ಮಾರಕ್ಕೆ ಪಂಚಗವ್ಯ ಘೃತದಂಥ ತುಪ್ಪದ ಔಷಧಿಗಳನ್ನು ಹೇಳುತ್ತದೆ, ಚರಕನಲ್ಲೇ ಅದಿದೆ. ಆದರೆ ಅನ್ನದ ಊಟದ ಜೊತೆಗೆ ಒಂದೆರಡು ಚಮಚ ತುಪ್ಪ ತಿಂದು ದೇಹ ಕೀಟೋನಿಗೆ ತಿರುಗುವುದಿಲ್ಲ. ಎರಡನ್ನೂ ಒಂದೇ ಎಂದು ಹೇಳಿ ಮಾರುವವರನ್ನು ನಂಬಬಾರದು.

ಊಟವೆಂದ ಮಾತ್ರಕ್ಕೆ ಇದು ನಿರಪಾಯವೂ ಅಲ್ಲ. ಮಲಬದ್ಧತೆ, ಮೂತ್ರಪಿಂಡದಲ್ಲಿ ಕಲ್ಲು, ಕೊಲೆಸ್ಟರಾಲ್ ಏರಿಕೆ, ಬೆಳವಣಿಗೆ ಕುಂಠಿತ, ಖನಿಜ-ವಿಟಮಿನ್ ಕೊರತೆ ಇವೆಲ್ಲ ದಾಖಲಾದ ತೊಂದರೆಗಳು. ಮೂರ್ಛೆಗೆ ಕೊಡುವ ಟೋಪಿರಾಮೇಟ್ ಮಾತ್ರೆಯ ಜೊತೆಗೆ ಕಲ್ಲಿನ ಭಯ ಇನ್ನಷ್ಟು. ಕೊಬ್ಬನ್ನು ಒಡೆಯುವ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಗುವಿಗೆ ಈ ಊಟ ಪ್ರಾಣಾಂತಿಕ. ಶುರುಮಾಡುವ ಮೊದಲೇ ರಕ್ತ, ಮೂತ್ರ ಪರೀಕ್ಷೆ ಕಡ್ಡಾಯವೆನ್ನುವುದು ಇದಕ್ಕೇ. ದೊಡ್ಡವರಲ್ಲಿ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಫ್ಲೋಜಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಅನ್ನ ಬಿಟ್ಟರೆ ಸೀದಾ ತುರ್ತು ಘಟಕ ಸೇರಬೇಕಾದೀತು. ಪಾರ್ಕಿನ್ಸನ್ ಮೇಲೆ ನ್ಯೂಜಿಲೆಂಡಿನಲ್ಲಿ 2018ರಲ್ಲಿ 47 ಜನರ ಎಂಟು ವಾರಗಳ ಪ್ರಯೋಗ, ಅದೇ ತಂಡದಿಂದ ಆಲ್ಜೈಮರ್ ಮೇಲೆ 26 ಜನರ ಪ್ರಯೋಗ ನಡೆದಿವೆ. ಒಂದಿಷ್ಟು ಆಶೆ ಹುಟ್ಟಿಸುತ್ತವೆ, ಶಿಫಾರಸು ಮಾಡುವಷ್ಟು ದೊಡ್ಡವಲ್ಲ. ಚಾಲಕ ನರಕೋಶಗಳು ನಶಿಸುವ ಎಎಲ್‌ಎಸ್ ಕಾಯಿಲೆಯಲ್ಲಂತೂ ತೂಕ ಇಳಿದಷ್ಟೂ ಆಯುಸ್ಸು ಇಳಿಯುತ್ತದೆ. ಅಲ್ಲಿ ಪಥ್ಯದ ಪ್ರಯೋಗ ಬೇಡ.

ಈಗ ಆಮ್ಲಜನಕ. ಹೆತ್ತವರ ತರ್ಕ ಸರಳವೂ ಹೃದಯ ಹಿಂಡುವಂಥದ್ದೂ ಆಗಿದೆ: ಹೆರಿಗೆಯಲ್ಲಿ ಮಗು ತಡವಾಗಿ ಅತ್ತಿತು, ಮೆದುಳಿಗೆ ಆಮ್ಲಜನಕ ಹೋಗಲಿಲ್ಲ ಎಂದು ವೈದ್ಯರು ಹೇಳಿದರು, ಹಾಗಾದರೆ ಈಗ ಅದನ್ನೇ ಧಾರಾಳವಾಗಿ ಕೊಟ್ಟರೆ? ಆರೋಗ್ಯವಂತರ ರಕ್ತದ ಹಿಮೊಗ್ಲೋಬಿನ್ ಸಾಮಾನ್ಯ ಗಾಳಿಯಲ್ಲೇ ನೂರಕ್ಕೆ 97ರಷ್ಟು ತುಂಬಿರುತ್ತದೆ. ಒತ್ತಡದ ಕೋಣೆಯಲ್ಲಿ ಶುದ್ಧ ಆಮ್ಲಜನಕ ಉಸಿರಾಡಿದಾಗ ಹೆಚ್ಚಾಗುವುದು ರಕ್ತದ ದ್ರವದಲ್ಲಿ ಕರಗುವ ಪಾಲು. ಮೂರು ಪಟ್ಟು ವಾಯುಒತ್ತಡದಲ್ಲಿ ಅದು ಡೆಸಿಲೀಟರಿಗೆ 0.3ರಿಂದ 6 ಮಿಲಿಲೀಟರಿನವರೆಗೆ ಏರುತ್ತದೆ. ಆಳ ನೀರಿನಿಂದ ಬೇಗ ಮೇಲೆ ಬಂದ ಮುಳುಗುಗಾರರಿಗೆ, ಇಂಗಾಲದ ಮಾನಾಕ್ಸೈಡ್ ವಿಷಕ್ಕೆ, ಒಣಗದ ಕೆಲವು ಹುಣ್ಣುಗಳಿಗೆ ಇದು ಮನ್ನಣೆ ಪಡೆದ ಚಿಕಿತ್ಸೆ. ಅಲ್ಲಿ ಜೀವಕೋಶ ಇನ್ನೂ ಬದುಕಿದೆ, ಆಮ್ಲಜನಕಕ್ಕಾಗಿ ಹಂಬಲಿಸುತ್ತಿದೆ. ವರ್ಷಗಳ ಹಿಂದೆ ಸತ್ತ ನರಕೋಶದ ಮಾತು ಬೇರೆ.

ಪರೀಕ್ಷೆ ಮಾಡದೆ ಯಾರೂ ಹೀಗೆ ಹೇಳುತ್ತಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ 111 ಮಕ್ಕಳ ಮೇಲೆ ನಡೆದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಅರ್ಧ ಮಕ್ಕಳಿಗೆ 1.75 ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ, ಉಳಿದವರಿಗೆ 1.3 ಪಟ್ಟು ಒತ್ತಡದಲ್ಲಿ ಬರಿಯ ಗಾಳಿ, ಎರಡೂ ಗುಂಪಿಗೆ 40 ಸಲ. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು, ಒಂದೇ ಸಮನಾಗಿ. ಆಮ್ಲಜನಕದ ಗುಂಪಿಗೆ ಹೆಚ್ಚುವರಿಯಾಗಿ ಸಿಕ್ಕಿದ್ದು ಕಿವಿಯ ತೊಂದರೆ. ಎರಡು ತಿಂಗಳು ತಾಯಿಯೋ ತಂದೆಯೋ ಎಲ್ಲ ಕೆಲಸ ಬಿಟ್ಟು ಮಗುವಿನ ಜೊತೆಗೇ ಕೂತು ಮಾತಾಡಿ ಆಡಿಸಿದ್ದೇ ಮದ್ದಾಯಿತೇನೋ ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. 2012ರ ಅಮೆರಿಕದ ಅಧ್ಯಯನದಲ್ಲೂ ಪ್ರಯೋಜನ ಕಾಣಲಿಲ್ಲ. ಆಟಿಸಂಗೆ ಪ್ರಯೋಜನವಿದೆ ಎಂಬುದಕ್ಕೆ ಪುರಾವೆಯಿಲ್ಲವೆಂದು 2016ರ ಕಾಕ್ರನ್ ವಿಮರ್ಶೆ ಹೇಳಿತು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ 1983ರಲ್ಲಿ ಒಂದು ಅಧ್ಯಯನ ಆಶೆ ಹುಟ್ಟಿಸಿತ್ತು. ನಂತರದವು ಅದನ್ನು ಎತ್ತಿ ಹಿಡಿಯಲಿಲ್ಲ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಪ್ರಚಾರಕ್ಕೆ ಮರುಳಾಗಬೇಡಿ ಎಂದು ಜನರನ್ನು ಎಚ್ಚರಿಸಬೇಕಾಯಿತು. ಈ ಮೋಹ ಹೊಸತೇನಲ್ಲ: 1928ರಲ್ಲೇ ಆರ್ವಲ್ ಕನಿಂಗ್‌ಹ್ಯಾಮ್ ಎಂಬ ವೈದ್ಯನಿಗಾಗಿ ಕ್ಲೀವ್‌ಲ್ಯಾಂಡಿನಲ್ಲಿ 64 ಅಡಿ ವ್ಯಾಸದ ಉಕ್ಕಿನ ಗೋಳವೇ ಆಸ್ಪತ್ರೆಯಾಗಿ ಎದ್ದಿತ್ತು. ಪುರಾವೆ ಕೊಡಿ ಎಂದು ಅಲ್ಲಿನ ವೈದ್ಯ ಸಂಘ ಕೇಳಿದಾಗ ಅವನ ಬಳಿ ಇರಲಿಲ್ಲ. ಮಹಾಯುದ್ಧದ ಕಾಲದಲ್ಲಿ ಆ ಗೋಳ ಗುಜರಿಗೆ ಹೋಯಿತು.

ಅಪಾಯದ ಮಾತು ಬಂದಾಗ ಮೂರ್ಛೆರೋಗಿಯ ಮನೆಯವರು ತಿಳಿದಿರಬೇಕಾದ ಸಂಗತಿ ಒಂದಿದೆ. ಹೆಚ್ಚಿನ ಒತ್ತಡದ ಆಮ್ಲಜನಕ ತಾನೇ ಮೂರ್ಛೆ ತರಿಸಬಲ್ಲದು. ಫ್ರಾನ್ಸಿನ ಪಾಲ್ ಬೆರ್ 1878ರಲ್ಲೇ ಇದನ್ನು ದಾಖಲಿಸಿದ್ದ. ಕೀಟೋನ್‌ಗಳನ್ನು ಕೊಟ್ಟ ಇಲಿಗಳಲ್ಲಿ ಈ ಆಮ್ಲಜನಕದ ಮೂರ್ಛೆ ತಡವಾಗಿ ಬರುತ್ತದೆ ಎಂದು 2013ರಲ್ಲಿ ಫ್ಲಾರಿಡಾದ ಸಂಶೋಧಕರು ಕಂಡರು. ಕೀಟೋ ಮತ್ತು ಆಮ್ಲಜನಕ ಎರಡನ್ನೂ ಜೋಡಿಯಾಗಿ ಮಾರುವವರು ಎತ್ತಿ ಹೇಳುವುದು ಇಂಥ ಕೆಲಸಗಳನ್ನೇ. ಆದರೆ ಆ ಪ್ರಯೋಗದ ಉದ್ದೇಶ ಆಮ್ಲಜನಕದ ಹಾನಿಯನ್ನು ತಡೆಯುವುದಾಗಿತ್ತು, ಅದನ್ನು ಮದ್ದೆಂದು ಸಾರುವುದಲ್ಲ. ಬೆಂಕಿಯ ಭಯ ಬೇರೆ: 1997ರಲ್ಲಿ ಮಿಲಾನ್‌ನ ಆಸ್ಪತ್ರೆಯೊಂದರ ಒತ್ತಡದ ಕೋಣೆಗೆ ಬೆಂಕಿ ಹೊತ್ತಿ 11 ಜನ ಸತ್ತರು. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಐದು ವರ್ಷದ ಮಗುವೊಂದು ಇಂಥದೇ ಕೋಣೆಯೊಳಗೆ ಬೆಂಕಿಗೆ ಬಲಿಯಾಯಿತು.

ಆಮ್ಲಜನಕ ನಿಜವಾಗಿ ಕೆಲಸ ಮಾಡುವ ನರರೋಗವೂ ಒಂದಿದೆ, ಅದಕ್ಕೆ ಒತ್ತಡದ ಕೋಣೆಯೇ ಬೇಡ. ಕಣ್ಣಿನ ಹಿಂದೆ ಒಂದೇ ಬದಿಗೆ ಬಂದು ಮನುಷ್ಯನನ್ನು ಉರುಳಾಡಿಸುವ ಕ್ಲಸ್ಟರ್ ತಲೆನೋವಿಗೆ ಮಾಸ್ಕಿನ ಮೂಲಕ ನಿಮಿಷಕ್ಕೆ 12 ಲೀಟರಿನಂತೆ ಕಾಲುಗಂಟೆ ಶುದ್ಧ ಆಮ್ಲಜನಕ ಕೊಟ್ಟಾಗ ನೂರಕ್ಕೆ 78 ಸಲ ನೋವು ಇಳಿಯಿತು, ಬರಿಯ ಗಾಳಿಯಲ್ಲಿ 20 ಸಲ ಮಾತ್ರ. 2009ರ ಲಂಡನ್ ಅಧ್ಯಯನ ಇದು. ಇದನ್ನು ತಾಲೂಕು ಆಸ್ಪತ್ರೆಯಲ್ಲೂ ಕೊಡಬಹುದು. ಇದಕ್ಕೆ ವಿರುದ್ಧವಾದ ಎಚ್ಚರವೂ ಅಷ್ಟೇ ಮುಖ್ಯ. ಕೋವಿಡ್ ಕಾಲದಲ್ಲಿ ಊರೂರಿಗೆ ಆಮ್ಲಜನಕ ಸಾಂದ್ರಕಗಳು ಬಂದವು. ಎಎಲ್‌ಎಸ್, ಸ್ನಾಯುಕ್ಷಯ ಇರುವವರ ಮನೆಯಲ್ಲಿ ಉಸಿರು ಕಟ್ಟಿದಂತಾದಾಗ ಅದನ್ನೇ ಹಚ್ಚಿಬಿಡುವುದುಂಟು. ಅವರಲ್ಲಿ ಸೋತಿರುವುದು ಶ್ವಾಸಕೋಶವಲ್ಲ, ಎದೆಯನ್ನು ಎತ್ತಿ ಇಳಿಸುವ ಸ್ನಾಯು. ಬರಿಯ ಆಮ್ಲಜನಕ ಕೊಟ್ಟರೆ ಬೆರಳಿಗೆ ಹಾಕುವ ಯಂತ್ರದಲ್ಲಿ ಅಂಕಿ ಏರುತ್ತದೆ, ಒಳಗೆ ಇಂಗಾಲದ ಡೈಆಕ್ಸೈಡ್ ಸದ್ದಿಲ್ಲದೆ ತುಂಬಿಕೊಂಡು ರೋಗಿ ಮಂಪರಿಗೆ ಜಾರುತ್ತಾರೆ. ಅವರಿಗೆ ಬೇಕಾದದ್ದು ಮಾಸ್ಕಿನ ಮೂಲಕ ಉಸಿರು ತುಂಬುವ ಬೈಪ್ಯಾಪ್ ಯಂತ್ರ.

ಹೀಗೆ ತೂಗಿ ನೋಡಿದಾಗ ನನ್ನ ತೀರ್ಮಾನ ಇದು: ಮಾತ್ರೆಗೆ ಬಗ್ಗದ ಮಕ್ಕಳ ಮೂರ್ಛೆಗೆ ಕೊಬ್ಬಿನ ಊಟ ನಿಜವಾದ ಮದ್ದು, ಅದು ಸಿಗಬೇಕಾದ ಮಕ್ಕಳಿಗೆ ಸಿಗುತ್ತಿಲ್ಲ. ಹಳೆಯ ನರರೋಗಕ್ಕೆ ಒತ್ತಡದ ಆಮ್ಲಜನಕ ಇವತ್ತಿನ ಪುರಾವೆಯ ಮಟ್ಟಿಗೆ ಮದ್ದಲ್ಲ, ಅದು ಬೇಡದವರಿಗೂ ಮಾರಾಟವಾಗುತ್ತಿದೆ. ನಿಮ್ಹಾನ್ಸ್ ಮತ್ತು ಆರೋಗ್ಯ ಇಲಾಖೆ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಬೆಂಗಳೂರು ದಕ್ಷಿಣ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಆರಂಭಿಸಿದವು. ಅದೇ ದಾರಿಯಲ್ಲಿ ದಕ್ಷಿಣ ಕನ್ನಡದ ಜಿಲ್ಲಾ ಆಸ್ಪತ್ರೆಯೋ ಯಾವುದಾದರೊಂದು ವೈದ್ಯಕೀಯ ಕಾಲೇಜೋ ವಾರಕ್ಕೊಂದು ದಿನ ಕೀಟೋ ಕ್ಲಿನಿಕ್ ತೆರೆಯಲಿ. ನರವೈದ್ಯರ ಜೊತೆಗೆ ತುಳು, ಅರೆಭಾಷೆ, ಮಲಯಾಳ ಅರ್ಥವಾಗುವ ಒಬ್ಬ ಡಯಟೀಷಿಯನ್ ಅಲ್ಲಿರಲಿ, ಫೋನಿಗೆ ಸಿಗಲಿ. ಎಂಡೋಸಲ್ಫಾನ್ ಬಾಧಿತ ಮಕ್ಕಳಲ್ಲಿ ಮೂರ್ಛೆ ಹತೋಟಿಗೆ ಬಾರದವರನ್ನು ಮೊದಲು ಕರೆದು ನೋಡಲಿ. ಅದು ನಾವು ಅವರಿಗೆ ತೀರಿಸಬೇಕಾದ ಋಣ. ಮನೆಯವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಯಾರು ಏನೇ ಹೇಳಲಿ, ವೈದ್ಯರನ್ನು ಕೇಳದೆ ಮೂರ್ಛೆಯ ಮಾತ್ರೆಯನ್ನು ಒಂದು ಹೊತ್ತೂ ನಿಲ್ಲಿಸಬೇಡಿ.